ಕೆಳಗಿನಿಂದ ಬಂದ ‘ಹಾಂ’

ಬಿಣಗಾ, ಕಾರವಾರ
ಗುರುವಾರ, ೧೩ ನವೆಂಬರ್ ೨೦೨೫

ಪ್ರೀತಿಯ ಮಗಳು ವಿನುತಾಗೆ ಅಪ್ಪನ ಆಶೀರ್ವಾದ.

ಹುಷಾರಾಗಿದ್ದೀಯಾ ಮಗಾ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಕಾಲು ಊದುತ್ತದೆ ಎಂದಿದ್ದೆ, ಈಗ ಹೇಗಿದೆ? ಮಲಗುವಾಗ ಕಾಲಡಿಗೆ ದಿಂಬು ಇಟ್ಟುಕೋ. ನಿನ್ನ ಅವ್ವ ನೆರೆಮನೆಯ ರಾಮನಾಥನ ಕೈಯಲ್ಲಿ ಈ ಕಾಗದದ ಜೊತೆ ಒಣ ಶೆಟ್ಲಿ ಮೀನು ಕಳಿಸಿದ್ದಾಳೆ. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡು, ಮಡಗಾಂವಿನ ನಿನ್ನ ಕೋಣೆಯವರು ವಾಸನೆ ಎಂದಾರು. ಮನೆಯಲ್ಲಿ ಫೋನಿದ್ದೂ ಅಪ್ಪ ಯಾಕೆ ಕಾಗದ ಬರೆದ ಎಂದು ನಗಬೇಡ. ಬಸ್ಸಿನ ಬೋರ್ಡು ಓದಿ ಅಕ್ಷರ ಕಲಿತವನು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ಎರಡು ದಿನದಿಂದ ನನಗೆ ಫೋನಿನಲ್ಲಿ ಮಾತಾಡುವುದಕ್ಕೇ ಹೆದರಿಕೆ.

ಹೆದ್ದಾರಿಯ ತಿರುವಿನಲ್ಲಿ ಗುಡ್ಡದ ಸಡಿಲ ಕಲ್ಲು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದೇನೆಂದು ಹೇಳಿದ್ದೆನಲ್ಲ. ಕೆಳಗೆ ರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸುವವನು ನಾನು. ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರೆಯಿಂದ ಕಲ್ಲು ಮೀಟುವವನು ಸೋಮ್ರಾ, ಜಾರ್ಖಂಡದವನು. ನಾನು ಶನಿವಾರ ಹುಟ್ಟಿ ಶನಿಯಾರನಾದ ಹಾಗೆ ಅವನು ಸೋಮವಾರ ಹುಟ್ಟಿ ಸೋಮ್ರಾ ಆದವನಂತೆ. ಅದು ತಿಳಿದ ದಿನ, “ತುಮ್ ಶನಿವಾರ್, ಮೈಂ ಸೋಮ್ವಾರ್, ಬೀಚ್ ಮೇಂ ಛುಟ್ಟೀ” ಎಂದು ನಕ್ಕಿದ್ದ. ನಮ್ಮಿಬ್ಬರ ನಡುವೆ ರಜೆಯಂತೆ, ಹೇಗಿದೆ ನೋಡು. ಮಧ್ಯಾಹ್ನ ಅವನು ಕುಡಿಯುವುದೂ ನಮ್ಮ ಗಂಜಿಯೇ, ಹೆಸರು ಮಾತ್ರ ಬೇರೆ. ಅಷ್ಟು ಬಿಟ್ಟರೆ ನನಗೆ ಅವನ ಮಾತು ಬಾರದು, ಅವನಿಗೆ ನನ್ನದು ಬಾರದು.

ಮೊದಲ ದಿನ ಎಂಜಿನಿಯರ್ ಸಾಹೇಬರು ಹಿಂದಿಯಲ್ಲಿ ಹೇಳಿಕೊಟ್ಟದ್ದು ಇಷ್ಟೇ. ಕಲ್ಲು ಉರುಳಿಸುವ ಮೊದಲು ಮೇಲಿನವನು ವಾಕಿಟಾಕಿಯಲ್ಲಿ “ಛೋಡೂಂ?” ಎಂದು ಕೇಳಬೇಕು, ಅಂದರೆ ಬಿಡಲಾ ಎಂದು. ರಸ್ತೆ ಖಾಲಿಯಿದ್ದರೆ ನಾನು “ಹಾಂ” ಎನ್ನಬೇಕು, ಗಾಡಿ ಇದ್ದರೆ “ನಹೀಂ”. ಎಲ್ಲರೂ ತಲೆ ಅಲ್ಲಾಡಿಸಿದೆವು. ಯಾರಿಗೆ ಎಷ್ಟು ತಿಳಿಯಿತೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಎರಡೇ ಶಬ್ದ, ಇದರಲ್ಲೇನು ಕಷ್ಟ ಎಂದು ನನಗೂ ಅನಿಸಿತ್ತು.

ಮೊನ್ನೆ ಮಂಗಳವಾರ ಹನ್ನೊಂದರ ಹೊತ್ತು. ಒಂದು ಲಾರಿ ಹಾರ್ನ್ ಹೊಡೆಯುತ್ತಾ ತಿರುವು ದಾಟುತ್ತಿತ್ತು. ಅದರ ಹಿಂದೆ ಒಂದು ಸ್ಕೂಟರು, ಓಡಿಸುವವಳ ಬೆನ್ನಿಗೆ ಅಂಟಿಕೊಂಡು ಸಣ್ಣ ಹುಡುಗಿ. ಆಗ ವಾಕಿಟಾಕಿಯಲ್ಲಿ ಗರಗರ ಎಂದು ಏನೋ ಬಂತು. ಕೇಳಿಸಲಿಲ್ಲ. ಏನು ಎಂದು ತಿಳಿದುಕೊಳ್ಳಲು ನಾನು ಬಾಯಿ ತೆರೆದೆ. ಮುಂದಿನ ಗಳಿಗೆಯಲ್ಲಿ ಮೇಲಿನಿಂದ ಕಲ್ಲು ಬಂತು ಮಗಾ. ನಮ್ಮ ಒಲೆಕಟ್ಟೆಯಷ್ಟು ದೊಡ್ಡದು. ಸ್ಕೂಟರಿನಿಂದ ಎರಡು ಮಾರು ಮುಂದೆ ಡಾಂಬರಿಗೆ ಬಡಿದು, ರಸ್ತೆಯಂಚಿನ ಕಂಬಿ ಮುರಿದು, ಆಚೆ ಹೋಯಿತು. ಅವಳು ಬ್ರೇಕು ಹಾಕಿ ಬಿದ್ದಳು. ಮೊಣಕಾಲು ತರಚಿತು, ಅಷ್ಟೇ. ಹುಡುಗಿ ಅಳಲೂ ಇಲ್ಲ. ಆ ತಾಯಿ ನನ್ನ ಕೈಯ ಬಾವುಟವನ್ನು ನೋಡಿದಳು, ಮಗುವಿನ ಮೈಮೇಲಿನ ಧೂಳು ಕೊಡವಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿ ಸಾಯಿನಾಥ ಓಡಿ ಬಂದ. ಸೋಮ್ರಾ ಹಗ್ಗದಿಂದ ಇಳಿದು, “ನೀಚೇ ಸೇ ಹಾಂ ಬೋಲಾ” ಎಂದ, ಕೆಳಗಿನಿಂದ ಹಾಂ ಅಂದರು ಎಂದು. ಸಾಯಿನಾಥ ನನ್ನ ಕಡೆ ತಿರುಗಿ, “ಶನಿಯಾರಣ್ಣ, ನೀವು ಬಿಡು ಅಂದ್ರಾ?” ಎಂದು ಕೇಳಿದ. “ಇಲ್ಲ ಮಾರಾಯ, ಬಿಡು ಅಂತ ನಾ ಎಲ್ಲಿ ಅಂದೆ?” ಎಂದೆ. ಅದು ಸತ್ಯವೇ ಆಗಿತ್ತು. “ಇವ್ರದ್ದೆಲ್ಲ ಇಷ್ಟೇ, ಕೇಳ್ದೆ ಮಾಡೂದು, ಮತ್ತೆ ಸುಳ್ಳು ಹೇಳೂದು” ಎಂದು ಸಾಯಿನಾಥ ಅವನ ಹೆಲ್ಮೆಟ್ ಕಸಿದುಕೊಂಡ. ಸೋಮ್ರಾ ನನ್ನ ಮುಖವನ್ನೇ ನೋಡುತ್ತಿದ್ದ.

ಅಂದು ಸಂಜೆ ಉಣ್ಣುವಾಗ ಒಳಗಿನಿಂದ ನಿನ್ನ ಅವ್ವ ಏನೋ ಕೇಳಿದಳು, ಒಗ್ಗರಣೆಯ ಸದ್ದಿನಲ್ಲಿ ತಿಳಿಯಲಿಲ್ಲ. “ಹಾಂ?” ಎಂದೆ. ಅವಳು ಮತ್ತೊಮ್ಮೆ, “ಸಾರು ಹಾಕ್ಲಾ ಕೇಳ್ದೆ, ಕಿವಿ ಗುಡ್ಡದ ಮೇಲೆ ಬಿಟ್ಟು ಬಂದ್ರಾ?” ಎಂದಳು. ನನ್ನ ಕೈ ಬಟ್ಟಲಿನಲ್ಲೇ ನಿಂತಿತು. ಬೆಳಿಗ್ಗೆ ವಾಕಿಟಾಕಿಯಲ್ಲೂ ನಾನು ಅಂದದ್ದು ಅದನ್ನೇ. ಕೇಳಿಸದಿದ್ದಾಗ ಹುಟ್ಟಿದಾಗಿನಿಂದ ಅನ್ನುತ್ತಾ ಬಂದ “ಹಾಂ?”. ನಿನ್ನ ಅವ್ವನಿಗೆ ಅದು ‘ಏನಂದೆ’ ಎಂದು ಕೇಳಿಸುತ್ತದೆ. ಗರಗರ ಎನ್ನುವ ಪೆಟ್ಟಿಗೆಯೊಳಗೆ ಸೋಮ್ರಾನಿಗೆ ಅದು ‘ಬಿಡು’ ಎಂದು ಕೇಳಿಸಿದೆ. ಅವನು ಸಾಹೇಬರು ಹೇಳಿಕೊಟ್ಟ ಹಾಗೇ ಮಾಡಿದವನು.

ಈಗ ಮೇಲೆ ಬೇರೆ ಹುಡುಗನನ್ನು ಹತ್ತಿಸಿದ್ದಾರೆ, ಅವನೂ ಹಿಂದಿಯವನೇ. ಕೆಳಗೆ ನಾನೇ. ಈ ಬಾಯಿ ನನ್ನ ಮಾತು ಕೇಳುವುದಿಲ್ಲ ಮಗಾ. ಅದಕ್ಕೇ ಬಾಯಿತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು, ಹಲ್ಲು ಕಚ್ಚಿ ನಿಲ್ಲುತ್ತೇನೆ. ಪೆಟ್ಟಿಗೆ ಗರಗರ ಎಂದರೆ ರಸ್ತೆಯನ್ನು ಎರಡು ಸಲ ನೋಡಿ, ಆಮೇಲಷ್ಟೇ ಕವಳ ಉಗಿದು ಬಾಯಿ ತೆರೆಯುತ್ತೇನೆ. ಸ್ಕೂಟರು ಕಂಡರೆ ಹಿಂದೆ ಮಗು ಕೂತಿದೆಯೋ ಎಂದು ಮೊದಲು ನೋಡುತ್ತೇನೆ. ನಿನ್ನೆ ನೀನು ಫೋನು ಮಾಡಿದಾಗ ಸರಿಯಾಗಿ ಮಾತಾಡದಿದ್ದದ್ದು ಇದಕ್ಕೇ, ಸಿಟ್ಟಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಗೆಳತಿಯರನ್ನು ಕೇಳಿದೆನೆಂದು ಹೇಳು. ನಮ್ಮ ಬೇಲಿಯ ಹತ್ತಿರದ ಪಪಾಯಿ ಹಣ್ಣಾಗಿದೆ, ನಿನ್ನನ್ನು ನೆನೆದು ಅವ್ವ ಒಂದನ್ನು ಕೊಯ್ಯದೆ ಬಿಟ್ಟಿದ್ದಾಳೆ. ದೇವರು ನಿನ್ನನ್ನು ತಂಪಾಗಿಡಲಿ.

ನಿನ್ನ ಅಪ್ಪ
ಶನಿಯಾರ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು: ನಾನಂದ ಆ “ಇಲ್ಲ” ಇನ್ನೂ ಹಾಗೇ ಇದೆ. ಯಾರಿಗೂ ಹೇಳಿಲ್ಲ, ನಿನ್ನ ಅವ್ವನಿಗೂ. ಸೋಮವಾರ ಎಂಜಿನಿಯರ್ ಬಂದು ವಿಚಾರಿಸಿ ಸೋಮ್ರಾನನ್ನು ಊರಿಗೆ ಕಳಿಸುತ್ತಾರಂತೆ. ನಾನು ಕನ್ನಡದಲ್ಲಿ ಹೇಳಿ, ಸಾಯಿನಾಥ ಅದನ್ನು ತನಗೆ ತಿಳಿದಷ್ಟು ಹಿಂದಿ ಮಾಡಿದರೆ ಮತ್ತೆ ಏನಾಗುತ್ತದೋ ಎಂದು ಹೆದರಿಕೆ. ನಿನಗೆ ಹಿಂದಿ ಬರುತ್ತದೆ. ಭಾನುವಾರವೇ ಬಾ, ಶನಿವಾರಕ್ಕೂ ಸೋಮವಾರಕ್ಕೂ ನಡುವಿನ ರಜೆಯ ದಿನ. ಮೊದಲು ಸೋಮ್ರಾನ ಹತ್ತಿರ ಹೋಗೋಣ, ಆಮೇಲೆ ಸಾಹೇಬರ ಹತ್ತಿರ. ನನ್ನ ಕೆಲಸ ಹೋದರೆ ಹೋಗಲಿ. ರಾಮನಾಥ ಶನಿವಾರ ತಿರುಗಿ ಬರುತ್ತಾನೆ, ಅವನ ಕೈಯಲ್ಲಿ ಉತ್ತರ ಕೊಡು. ಫೋನು ಮಾಡಿ ಹಾಂ ಎನ್ನಬೇಡ. ‘ಬರುತ್ತೇನೆ’ ಎಂದು ಪೂರ್ತಿ ಬರೆ.