ಜಯನ ಅಳತೆ, ವಿಜಯನ ಅಳತೆ

೧೧ ಜನವರಿ ೧೯೩೭, ಬೆಳಿಗ್ಗೆ

ಮತ್ತೆ ಮೀಟಿಂಗ್ ನೋಟೀಸು. ಕಾರ್ಡು ಬರೆದು ಬರೆದು ಕೈ ಸೋತಿತು. ಎಲ್ಲ ಶಿಲ್ಪಿಗಳಿಗೂ ಬರೆಯುವುದು, ಬರುವುದು ನಾಲ್ಕೈದು ಜನ. ಅದರಲ್ಲಿ ಇಬ್ಬರು ಕಾಫಿಗೆ. ಶಿವಮೊಗ್ಗ ಪ್ರಾಂತ್ಯ ಶಿಲ್ಪಿಗಳ ಸಂಘ ಎಂದರೆ ಸದ್ಯಕ್ಕೆ ನಾನು, ಒಂದು ರಬ್ಬರ್ ಸ್ಟಾಂಪು, ಮತ್ತೆ ಈ ಕಾಫಿ.

ಹಿತ್ತಲಲ್ಲಿ ಮಂಜು ಇನ್ನೂ ಹರಿದಿಲ್ಲ. ಶೆಡ್ಡಿನ ಮುಂದಿನ ಕಲ್ಲುಗಳು ಹೊಳೆಯಲ್ಲಿ ಮಲಗಿದ ಎಮ್ಮೆಗಳ ಹಾಗೆ ಬೆನ್ನು ಮಾತ್ರ ತೋರಿಸುತ್ತಿವೆ. ಅದರಲ್ಲೊಂದು ಕಲ್ಲು ಸ್ವಲ್ಪ ಸರಿದಂತೆ ಕಂಡಿತು. ಜಗದಾಂಬಾಗೆ ಹೇಳಿದೆ. "ಹಾಗಿದ್ರೆ ಅದನ್ನೇ ಅಂಗಡಿಗೆ ಕಳ್ಸಿ, ಸೀಮೆಎಣ್ಣೆ ತರತ್ತೆ" ಅಂದಳು. ಹೆಂಡತಿಗೆ ನನ್ನ ಕನಸುಗಳ ಮೇಲೆ ಗೌರವ ಕಡಿಮೆ.

೧೪ ಜನವರಿ

ಆರ್ಡರ್ ಬಂದಿದೆ. ಸಂಘ ಹುಟ್ಟಿದ ಮೇಲೆ ಮೊದಲನೆಯ ದೊಡ್ಡ ಆರ್ಡರ್. ಭದ್ರಾವತಿ ಕಾರ್ಖಾನೆ ಕಾಲೋನಿಯವರು ವೆಂಕಟರಮಣನ ಗುಡಿ ಕಟ್ಟುತ್ತಿದ್ದಾರೆ. ಬಾಗಿಲ ಎಡಬಲಕ್ಕೆ ದ್ವಾರಪಾಲಕರು ಬೇಕು—ಜಯ, ವಿಜಯ. ಜಯ ನನ್ನದು. ವಿಜಯನನ್ನು ಮಾತ್ರ ಭದ್ರಾವತಿಯ ಶಿಲ್ಪಿಯೇ ಕೆತ್ತಬೇಕೆಂದು ಗುಡಿಯ ಕಮಿಟಿ ಷರತ್ತು.

ಭದ್ರಾವತಿಯಲ್ಲಿ ಶಿಲ್ಪಿ ಎಂದರೆ ಒಬ್ಬನೇ. ಮೂರ್ತಪ್ಪ. ನನ್ನ ಅಣ್ಣ.

"ನಿಮ್ಮಣ್ಣ ತಾನೆ? ಒಂದು ಮಾತು ಹೇಳಿ ಮುಗಿಸ್ರಿ" ಅಂದರು ನಮ್ಮ ಸಂಘದ ಪ್ರೆಸಿಡೆಂಟ್ ಮುರುಗೇಶಪ್ಪ. ರೈಸ್‌ಮಿಲ್ಲಿನವರು. ಅಕ್ಕಿಯೊಳಗಿನ ಕಲ್ಲು ಬಿಟ್ಟರೆ ಬೇರೆ ಕಲ್ಲು ಕಂಡವರಲ್ಲ. ಒಂದು ಮಾತಂತೆ. ಅಣ್ಣನೂ ನಾನೂ ಮಾತು ಬಿಟ್ಟು ಮೂರು ವರ್ಷ.

ಇಲ್ಲಿ ಬರೆದುಕೊಳ್ಳಬಹುದು, ಯಾರೂ ಓದುವುದಿಲ್ಲ. ಆರ್ಡರ್ ಇದ್ದರೆಷ್ಟು, ಬಿಟ್ಟರೆಷ್ಟು. ಅಣ್ಣ ಒಮ್ಮೆ ಈ ಶೆಡ್ಡಿಗೆ ಬಂದರೆ ನನಗೆ ಸಾಕು.

೧೫ ಜನವರಿ, ಮಧ್ಯಾಹ್ನ

ಊಟವಾದ ಮೇಲೆ ಒರಗಿದರೆ ಮೂರು ವರ್ಷದ ಹಿಂದಿನ ಅದೇ ಮೀಟಿಂಗು ಕಣ್ಣ ಮುಂದೆ.

ನಮ್ಮ ಕಸುಬಿನಲ್ಲಿ ಅಳತೆ ಎಂದರೆ ಬೆರಳು. ಬೆರಳಿನ ಅಗಲ ಒಂದು ಅಂಗುಲ. ಮನೆಮನೆಗೂ ಒಂದು ಮರದ ಕೋಲು, ಆ ಮನೆಯ ಹಿರಿಯನ ಬೆರಳಿಟ್ಟು ಗುರುತು ಹಾಕಿದ್ದು. ಅಪ್ಪನ ಕೋಲು ಹಿರಿಮಗನಿಗೆ ಹೋಯಿತು. ಅಪ್ಪನದು ದಪ್ಪ ಬೆರಳು, ನನ್ನದು ಸಣ್ಣ. ಸಂಘಕ್ಕೆಲ್ಲ ಒಂದೇ ಅಳತೆ ಇರಬೇಕೆಂದು ಹಟ ಹಿಡಿದವನು ನಾನು. ಅಂಗುಲದ ಗುರುತುಗಳಿರುವ ಉದ್ದನೆಯ ಕಾಗದದ ಪಟ್ಟಿ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದೆ. ಯಾರ ಬೆರಳು? ಸೆಕ್ರೆಟರಿಯದು, ಅಂದರೆ ನನ್ನದೇ.

ಉಳಿದವರು ಭೇಷ್ ಎಂದು ಪಟ್ಟಿಯನ್ನು ಗೋಡೆಗೆ ಅಂಟಿಸಿ ತಮ್ಮ ತಮ್ಮ ಕೋಲಿನಲ್ಲೇ ಕೆತ್ತಿಕೊಂಡಿದ್ದಾರೆ. ಅಣ್ಣನಿಗೆ ಹಾಗೆ ಬದುಕಲು ಬರುವುದಿಲ್ಲ. ಎದ್ದು ನಿಂತು, "ಅಪ್ಪನ ಬೆರಳು ನಿಂಗೆ ಸಾಲದಾಯ್ತೇನೋ?" ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಈಗಲೂ ನನ್ನದೇ ಸರಿ ಅನಿಸುತ್ತದೆ. ಸಂಘ ಎಂದ ಮೇಲೆ ಅಳತೆ ಒಂದಿರಬೇಡವೇ? ಸರಿಯಾಗಿದ್ದುಕೊಂಡು ಏನು ಸುಖಪಟ್ಟೆ ಎಂಬುದು ಬೇರೆ.

೨೪ ಜನವರಿ

ರೈಲಿನಲ್ಲಿ ಭದ್ರಾವತಿಗೆ. ಮೊದಲು ಕಮಿಟಿ. ಅಲ್ಲಿಯ ಗುಮಾಸ್ತ, "ಎಷ್ಟು ಅಡಿ ಎತ್ತರ ಅಂತ ಬರ್ಕೊಡಿ ಸಾರ್" ಅಂದ. ಶಾಸ್ತ್ರದಲ್ಲಿ ಅಡಿ ಇಲ್ಲಪ್ಪ, ನವತಾಳ ಎಂದು ಬರೆದುಕೋ ಎಂದೆ—ಮುಖ ಹನ್ನೆರಡು ಅಂಗುಲ, ಮೈ ಅದರ ಒಂಬತ್ತರಷ್ಟು. ತೆಪ್ಪಗೆ ಬರೆದುಕೊಂಡ.

ಅಣ್ಣನ ಮನೆ ಮುಂದೆ ಅತ್ತಿಗೆ ಹಾಲಮ್ಮ ಅಕ್ಕಿ ಕೇರುತ್ತಿದ್ದರು. ಒಳಗೆ ಉಳಿಯ ಸದ್ದು.

"ಒಳಗೆ ಬನ್ನಿ ಅನ್ನೋಕೆ ನಂಗೆ ಅಪ್ಪಣೆ ಇಲ್ಲ ಮಾರಾಯ್ರೇ. ಅಲ್ಲೇ ನಿಂತ್ಕೊಂಡು ಹೇಳಿ" ಅಂದರು.

ನನ್ನ ದನಿಗೆ ಉಳಿ ನಿಂತಿತು. ಅತ್ತಿಗೆಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದೆ—ವಿಜಯ ಬೇಕು, ನವತಾಳ, ಬಲಗಾಲು ಬಾಗಿರಲಿ, ಜಯನನ್ನು ನಾನು ಕೆತ್ತುತ್ತೇನೆ. ಅತ್ತಿಗೆ ಮೊರ ಹಿಡಿದುಕೊಂಡೇ ಕೂತರು. ಆಮೇಲೆ ಉಳಿ ಮತ್ತೆ ಶುರುವಾಯಿತು. ಟಿಕ್, ಟಿಕ್... ಸ್ವಲ್ಪ ಮೆಲ್ಲಗೆ.

"ಒಪ್ಕೊಂಡ್ರು. ಒಪ್ಪದಿದ್ರೆ ಇಷ್ಟು ಹೊತ್ತಿಗೆ ಬೈಗುಳ ಬರ್ತಿತ್ತು" ಅಂದರು ಅತ್ತಿಗೆ.

ವಾಪಸ್ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನಗುತ್ತಿದ್ದೆನಂತೆ. ಎದುರಿನವರು ಎದ್ದು ಬೇರೆ ಕಡೆ ಕೂತರು.

೩ ಫೆಬ್ರವರಿ

ಕಲ್ಲು ಬಂದಿದೆ. ತಟ್ಟಿದರೆ ಕಂಚಿನ ನಾದ. ಈಗ ಒಂದೇ ಚಿಂತೆ, ಯಾವ ಅಂಗುಲ?

ಅಣ್ಣ ಅಪ್ಪನ ಕೋಲು ಬಿಡುವವನಲ್ಲ. ನಾನು ನನ್ನ ಪಟ್ಟಿ ಹಿಡಿದರೆ ಜಯ ಗಿಡ್ಡ, ವಿಜಯ ಎತ್ತರ. ಬಾಗಿಲಲ್ಲಿ ನಿಲ್ಲಿಸಿದ ದಿನ ಎಲ್ಲರೂ ನಗುತ್ತಾರೆ, ಅಣ್ಣ ಇನ್ನೆಂದೂ ಇತ್ತ ತಿರುಗುವುದಿಲ್ಲ. ಕೇಳಿಬಿಡಬಹುದಿತ್ತು. ಮೂರು ವರ್ಷದ ಮೇಲೆ ಆಡುವ ಮೊದಲ ಮಾತು ಅಳತೆಯದ್ದೇ? ಆಗಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಅಪ್ಪ ಅರ್ಧಕ್ಕೆ ಬಿಟ್ಟು ಹೋದ ವೀರಭದ್ರನಿದ್ದಾನೆ. ಅವನ ಮುಖ ಅಳೆದೆ, ಹನ್ನೆರಡು ಪಾಲು ಮಾಡಿದೆ. ಒಂದು ಪಾಲು ಅಪ್ಪನ ಬೆರಳು. ಆ ಗುರುತಿನ ಮೇಲೆ ನನ್ನ ಬೆರಳಿಟ್ಟೆ. ಎರಡು ಕಡೆಯೂ ಜಾಗ ಉಳಿಯಿತು. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ದನ ಮನೆಗೆ ಬರುವ ಹೊತ್ತಾಗಿತ್ತು.

ಅಪ್ಪನ ಅಳತೆಯಲ್ಲೇ ಕೆತ್ತುತ್ತೇನೆ. ಸಂಘದ ಅಳತೆಯನ್ನು ಸೆಕ್ರೆಟರಿಯೇ ಮೀರಿದನೆಂದು ಯಾರಿಗೂ ಹೇಳುವುದಿಲ್ಲ.

೨೧ ಮಾರ್ಚ್

ಏಟು ಬೀಳಬೇಕಾದ ಜಾಗ ಪ್ರತಿ ಸಲವೂ ಸ್ವಲ್ಪ ಆಚೆ. ಚಿಕ್ಕಂದಿನಲ್ಲಿ ಅಪ್ಪನ ಅಂಗಿ ಹಾಕಿಕೊಂಡು ಓಡಾಡಿದ ಹಾಗಿದೆ.

ಮಧ್ಯಾಹ್ನ ಶೆಡ್ಡಿನಲ್ಲೇ ನಿದ್ದೆ. ಕನಸಿನಲ್ಲಿ ಜಯ ಇಲ್ಲಿಂದ, ವಿಜಯ ಅಲ್ಲಿಂದ ನಡೆದು ಬರುತ್ತಿದ್ದರು. ದಾರಿಯಲ್ಲಿ ಎದುರಾದರು. ನೀನು ಯಾವ ಕಡೆ ನಿಲ್ಲುತ್ತೀಯ, ನೀನು ಹೇಳಿದ ಕಡೆ, ಇಲ್ಲ ನೀನು ಹೇಳು... ಕತ್ತಲಾದರೂ ಮುಗಿಯದು. ಬಾಗಿಲು ಕಾಯುವವರು ಯಾರೂ ಇಲ್ಲದೆ ಗುಡಿಯೊಳಗೆ ಮೇಕೆಗಳು ನುಗ್ಗಿದವು. ಎಚ್ಚರವಾದಾಗ ಮೀಸೆಯೆಲ್ಲ ಕಲ್ಲಿನ ಹಿಟ್ಟು. ಒಳ್ಳೆಯ ಕನಸೇ ಅನಿಸಿತು.

೧೧ ಮೇ, ಭದ್ರಾವತಿ

ಇವತ್ತು ಬರೆಯಲಾರೆ.

೧೨ ಮೇ

ನಿನ್ನೆ ಗಾಡಿಯ ಮೇಲೆ ಜಯನ ಪಕ್ಕ ಹುಲ್ಲಿನಲ್ಲಿ ಒರಗಿ ತೂಕಡಿಸುತ್ತ ಹೋದೆ. ಅಣ್ಣ ವಿಜಯನ ಜೊತೆ ಆಗಲೇ ಬಂದು ನಿಂತಿದ್ದ. ಕೂದಲು ಪೂರ್ತಿ ಬಿಳಿ. ನನಗೆ ಯಾರೂ ಹೇಳಿರಲಿಲ್ಲ.

ಇಬ್ಬರನ್ನೂ ಬಾಗಿಲ ಎರಡು ಕಡೆ ನಿಲ್ಲಿಸಿ ಹುಲ್ಲು ಬಿಡಿಸಿದರು. ನನ್ನ ಜಯ ಎತ್ತರ. ಅಣ್ಣನ ವಿಜಯ ಅರ್ಧ ಗೇಣಿಗಿಂತ ಹೆಚ್ಚು ಗಿಡ್ಡ.

ಕಾಲೋನಿಯ ತಮಿಳು ಮೇಸ್ತ್ರಿ, "ಎನ್ನ ಸಾರ್, ಒಬ್ಬರು ಬಾಗಿಲು ಕಾಯಕ್ಕೆ ಬಂದವರು, ಇನ್ನೊಬ್ಬರು ಅವರ ಪಿಳ್ಳೆ ಥರ ಇದಾರೆ" ಅಂದ. ಆಗ ನಗು ಎದ್ದಿತು.

ಅಣ್ಣ ನಗಲಿಲ್ಲ. ಜಯನ ಹತ್ತಿರ ಬಂದ. ಎದೆಯ ಮೇಲೆ ಅಂಗೈ ಊರಿದ, ಬೆರಳು ಬೆರಳಾಗಿ ಅಳೆಯುತ್ತ ಸೊಂಟದವರೆಗೆ ಇಳಿದ.

"ಇದು ಅಪ್ಪಂದು" ಅಂದ.

ಆಮೇಲೆ ಸೊಂಟದಿಂದ ಒಂದು ಕಾಗದ ತೆಗೆದ. ಮಡಿಕೆ ಮಡಿಕೆಗೂ ಹರಿದು ಅಂಟು ಹಾಕಿದ್ದು. ಸಂಘದ ಪಟ್ಟಿ. ನನ್ನ ಬೆರಳು.

"ನೀನು ನಿನ್ನ ಅಳತೆ ಬಿಡೋನಲ್ಲ ಅಂದ್ಕೊಂಡೆ ಕಣೋ."

"ನಾನೂ ಹಾಗೇ ಅಂದ್ಕೊಂಡೆ, ಅಣ್ಣ."

"ಈ ಸಣ್ಣ ಅಳತೆಗೆ ಕೈ ಬಗ್ಸೋದ್ರಲ್ಲಿ ಸಾಕಾಗಿ ಹೋಯ್ತು." ಕಾಗದವನ್ನು ನೋಡುತ್ತಲೇ ಹೇಳಿದ, "ನಿಂಗೆ ಮೊದಲ ಸಲ ಉಳಿ ಹಿಡ್ಸಿದ್ದು ನಾನು. ಕೂತಾಗೆಲ್ಲ ಆ ಬೆರಳೇ ಕಣ್ಣಿಗೆ ಬರ್ತಿತ್ತು."

ನಾನು ಅತ್ತೆ. ಕಮಿಟಿ, ಗುಮಾಸ್ತ, ಮೇಸ್ತ್ರಿ, ಎಲ್ಲರ ಮುಂದೆ. ಆರ್ಡರ್ ಹೋಯಿತೆಂದು ಅಳುತ್ತಿದ್ದೇನೆ ಎಂದುಕೊಂಡರು ಪಾಪ.

ಆರ್ಡರ್ ಹೋಗಿದ್ದೂ ನಿಜವೇ. ಪ್ರತಿಷ್ಠೆಗೆ ಹೆಚ್ಚು ದಿನವಿಲ್ಲ, ಮದರಾಸಿನಿಂದ ಸಿಮೆಂಟಿನ ಜೋಡಿ ತರಿಸುತ್ತಾರಂತೆ. "ಅಡಿ ಅಂತ ಬರ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೀ?" ಅಂದರು ಮುರುಗೇಶಪ್ಪ. ಕಲ್ಲಿನ ವಿಷಯದಲ್ಲಿ ಅವರು ಆಡಿದ ಮೊದಲ ಸರಿಯಾದ ಮಾತು.

೩೦ ಮೇ

ಜಯ ವಿಜಯ ಇಬ್ಬರೂ ಈಗ ನಮ್ಮ ಶೆಡ್ಡಿನಲ್ಲಿ. ಜಗದಾಂಬಾ ಒಬ್ಬನ ಗದೆಯಿಂದ ಇನ್ನೊಬ್ಬನ ಗದೆಗೆ ಹಗ್ಗ ಕಟ್ಟಿ ಸೀರೆ ಒಣಗಿಸುತ್ತಿದ್ದಾಳೆ. ಹಗ್ಗ ಒಂದು ಕಡೆಗೆ ಜಾರು, ಬಟ್ಟೆಯೆಲ್ಲ ವಿಜಯನ ಕಡೆಗೇ ಸರಿಯುತ್ತದೆ.

ಸಂಘ ಬಿಟ್ಟವರು ಮತ್ತೆ ಮೂವರು. ಕಾಗದ ಬಂತು, ಓದಿ ಇಟ್ಟೆ.

ಅಣ್ಣನಿಂದ ಏನೂ ಇಲ್ಲ. ಗುಡಿಯ ಮುಂದೆ ನಡೆದದ್ದು ಅಷ್ಟಕ್ಕೇ ಮುಗಿಯಿತೋ ಏನೋ. ಅಲ್ಲಿಂದ ಹೊರಡುವಾಗ ಬಾ ಎಂದು ನಾನೂ ಕರೆಯಲಿಲ್ಲ, ಬರುತ್ತೇನೆ ಎಂದು ಅವನೂ ಹೇಳಲಿಲ್ಲ. ರೈಲು ಬರುವ ಹೊತ್ತಿಗೆ ಕೆಲಸವಿಲ್ಲದಿದ್ದರೂ ನಮ್ಮ ಮನೆಗೆ ಬರುವ ಆಲ್ಕೊಳದ ದಾರಿಯವರೆಗೆ ಹೋಗಿ ಬರುತ್ತೇನೆ. ಭಯವಾಗುತ್ತದೆ. ಈಗಲೂ ಬರದಿದ್ದರೆ ಇನ್ನು ಯಾವತ್ತೂ ಬರಲಾರ.

೬ ಜೂನ್, ಬೆಳಿಗ್ಗೆ

ಬಂದಿದ್ದಾನೆ.

ಉಳಿಯ ಚೀಲ ಹೆಗಲಿಗೆ, ಅಪ್ಪನ ಕೋಲು ಕಂಕುಳಲ್ಲಿ. ನೇರ ಶೆಡ್ಡಿಗೆ ಹೋಗಿ, "ಈ ಹಗ್ಗ ಬಿಚ್ಚಮ್ಮ ತಾಯಿ" ಅಂದ ಜಗದಾಂಬಾಗೆ. ಒದ್ದೆ ಸೀರೆ ಸರಿಸಿ ಇಬ್ಬರನ್ನೂ ಸುತ್ತು ಹಾಕಿ ನೋಡಿದ.

"ಎರಡಕ್ಕೂ ಜೊತೆ ಬೇಕು. ಇವನ ಎತ್ತರಕ್ಕೆ ನಾನು ಇನ್ನೊಬ್ಬ ವಿಜಯನ್ನ ಮಾಡ್ತೀನಿ. ಅವನ ಎತ್ತರಕ್ಕೆ ನೀನು ಜಯನ್ನ ಮಾಡು."

"ಯಾರು ಕೇಳಿದಾರೆ ಅಣ್ಣ?"

"ಯಾರೂ ಕೇಳಿಲ್ಲ."

"ಇಲ್ಲೇ ಮಾಡ್ತೀಯಾ?"

"ಮತ್ತೆಲ್ಲಿ ಮಾಡ್ಲಿ?" ಎಂದು ಕಲ್ಲು ತಟ್ಟಿ ನೋಡಲು ಹೊರಟ. ಬಳಪ ತಾ ಎಂದ. ತರಲು ಒಳಗೆ ಬಂದವನು ಇದನ್ನು ತೆಗೆದು ಬರೆಯುತ್ತ ನಿಂತಿದ್ದೇನೆ. ಬಾಗಿಲಿಗೇ ಬಂದು ಕೇಳುತ್ತಿದ್ದಾನೆ, ಏನು ಪುರಾಣ ಬರೀತಾ ಇದೀಯೋ ಎಂದು. ಏನಿಲ್ಲ ಅಣ್ಣ ಎಂದೆ. ಮುಖ ತೋರಿಸುವ ಹಾಗಿಲ್ಲ. ಕಣ್ಣೊರೆಸಿಕೊಂಡು ಬಳಪ ಕೊಡಬೇಕು.