ನೋಡದೆ ಕೊಟ್ಟ ಮನೆ

ನನ್ನ ಚಿಕ್ಕಿಗೆ,

ಆಸ್ಪತ್ರೆಯ ಮಂಚದಲ್ಲಿ ಮಲಗಿ ನೀನು ನನ್ನನ್ನು ಕೇಳಿದ ಕೊನೆಯ ಪ್ರಶ್ನೆ ನೆನಪಿದೆಯಾ? "ಕೆಂಚಿನ ಕೊಟ್ಟ ಮನಿ ಕಂಡ್ಕಂಡ್ ಬಂದ್ಯಾ ಮಗಾ?" ನಾನು, "ಹ್ಞೂಂ ಚಿಕ್ಕಿ, ಲಾಯ್ಕಿತ್ತ್ ಮನಿ" ಅಂದೆ. ನೀನು ಸಮಾಧಾನದಿಂದ ಕಣ್ಣು ಮುಚ್ಚಿದೆ. ಅದು ಸುಳ್ಳು. ನಾಯಿಯನ್ನು ಕೊಟ್ಟ ಆ ಮನೆಯನ್ನು ನಾನು ನೋಡಿರಲೇ ಇಲ್ಲ.

ಶಾಲೆಗೆ ರಜೆ ಇದ್ದಾಗ ನಿನ್ನ ಹಿಂದೆ ಮೀನು ಮಾರಲು ನಾನೂ ಬರುತ್ತಿದ್ದೆನಲ್ಲ. ಬುಟ್ಟಿ ಇಳಿಸಿ ಬಂಗುಡೆ ಕೊಡುತ್ತಿದ್ದರೂ ನಿನ್ನ ಕಣ್ಣು ಅಂಗಳದ ನಾಯಿಯ ಮೇಲೇ. ಕೊಯ್ದ ಮೀನಿನ ತಲೆ ಯಾರ ಮನೆಯಲ್ಲಿ ನಾಯಿಗೆ ಬೀಳುತ್ತದೆ, ಯಾರ ಮನೆಯಲ್ಲಿ ತೆಂಗಿನ ಬುಡಕ್ಕೆ ಹೋಗುತ್ತದೆ, ಎಲ್ಲ ನಿನಗೆ ಗೊತ್ತು. ಹೆಣ್ಣು ಮರಿ ಹುಟ್ಟಿದರೆ ಜನ ಮಾರ್ಕೆಟ್ಟಿನ ಬದಿಗೆ ತಂದು ಬಿಟ್ಟು ಹೋಗುತ್ತಿದ್ದರು. ಅವನ್ನು ಮನೆಗೆ ತಂದು, ಹುಳದ ಔಷಧಿ ಕುಡಿಸಿ, ಗಂಜಿ ಹಾಕಿ, ಮೈ ತುಂಬಿದ ಮೇಲೆ ನೀನು ಮನೆ ಹುಡುಕುತ್ತಿದ್ದೆ.

ನಮ್ಮೂರು ಹೆಮ್ಮಾಡಿಯವರೆಲ್ಲ ನಿನ್ನನ್ನು ನೋಡಿ ನಗುತ್ತಿದ್ದದ್ದೂ ನೆನಪಾಗುತ್ತದೆ. ಯಾರಾದರೂ ನಾಯಿ ಕೇಳಿದರೆ ನೀನು ಹೇಳದೆ ಕೇಳದೆ ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಕುಡಿಯಲು ನೀರು ಕೇಳಿ, "ನಾಯಿ ಮಲ್ಕಂಬ್ದ್ ಎಲ್ಲಿ?" ಅಂತ ವಿಚಾರಿಸುತ್ತಿದ್ದೆ. "ಹ್ವಾಯ್, ಹೆಣ್ ಕೊಡುವತಿಗೂ ಇಷ್ಟ್ ಕಾಂಬುದಿಲ್ಲೆ ಮಾರಾಯ್ತಿ!" ಅಂತ ಮಾರ್ಕೆಟ್ಟಿನ ಗಿರಿಜಕ್ಕ ಕಿಚಾಯಿಸಿದರೆ, "ಹೆಣ್ಣಿಗ್ ಬಾಯಿತ್ತ್, ತಿರ್ಗಿ ಬಂದ್ ಹೇಳತ್ತ್. ಇದ್ಕೆ ಎಂತ ಇತ್ತ್?" ಅನ್ನುತ್ತಿದ್ದೆ. ಕೊಲ್ಲೂರು ಕಡೆ ಕಾಡಂಚಿನವರು ಕೇಳಿದರಂತೂ ಖಡಾಖಂಡಿತ. "ಕತ್ಲಿ ಆದ್ ಮೇಲೆ ಒಳ್ಗ್ ಕೂಡುದಾರ್ ಮಾತ್ರ ಕೊಡುದ್. ಹೊರ್ಗ್ ಕಟ್ಟುಕಾಗ, ಚಿರ್ತೆ ಬತ್ತ್."

ಕೆಂಚಿಯನ್ನು ಜೀಪು ಹತ್ತಿಸಿದ ದಿನವನ್ನು ಹೇಗೆ ಬರೆಯಲಿ... ಹೈವೇಯಲ್ಲಿ ಹಿಂಗಾಲು ಮುರಿದು ಬಿದ್ದಿದ್ದ ಅದನ್ನು ನೀನು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿ ನಡೆಸಿದವಳು. ಕುಂಟು, ಮೇಲಿಂದ ಹೆಣ್ಣು, ಯಾರಿಗೆ ಬೇಕು? ಅಷ್ಟರಲ್ಲಿ ನೀನು ಆಸ್ಪತ್ರೆ ಸೇರಿದೆ. ಕೊಲ್ಲೂರು ರಸ್ತೆಯ ಒಬ್ಬರು ತಮಗೆ ಬೇಕು ಅಂದರು, ಮನೆಯ ಫೋಟೊ ಫೋನಿಗೆ ಕಳಿಸಿದರು. ಗುಡಿಸಿದ ಅಂಗಳ, ಹಂಚಿನ ಮಾಡು, ಚೆಂದವಿತ್ತು. ನನಗೋ ದಿನವೂ ಬೆಳಿಗ್ಗೆ ನಾಯಿಗಳಿಗೆ ಗಂಜಿ, ಆಮೇಲೆ ಬಸ್ಸು ಹತ್ತಿ ಕುಂದಾಪುರದ ಆಸ್ಪತ್ರೆಯಲ್ಲಿ ನಿನ್ನ ಹತ್ತಿರ. ನಿಜ ಹೇಳಲೇ? ನನಗೆ ಸಾಕಾಗಿತ್ತು. ಒಂದು ಬಾಯಿ ಕಡಿಮೆಯಾದರೆ ಆಗಲಿ ಅನ್ನಿಸಿತ್ತು. ಕೆಂಚಿ ಮುಂಗಾಲನ್ನು ನನ್ನ ಹೆಗಲ ಮೇಲಿಟ್ಟು ಇಳಿಯಲು ನೋಡಿತು. ಬೈದು ಕೂರಿಸಿದೆ. ಕತ್ತಲಾದ ಮೇಲೆ ಎಲ್ಲಿ ಕಟ್ಟುತ್ತೀರಿ ಅಂತ ಒಂದು ಮಾತು ಕೇಳಿದ್ದರೆ ನನ್ನ ನಾಲಗೆ ಸವೆಯುತ್ತಿತ್ತೇ? ಥೂ.

ನಿನ್ನ ಉತ್ತರಕ್ರಿಯೆಯ ಬೊಜ್ಜದ ದಿನ ಊಟಕ್ಕೆ ಎಲೆ ಹಾಕುತ್ತಿದ್ದೆ, ಕೆಂಚಿಯನ್ನು ಕೊಂಡುಹೋದವರ ಫೋನು ಬಂತು. "ಹೋಯ್ತ್ ಮಾರ್ರೆ ನಾಯಿ. ಬೆಳಿಗ್ಗೆ ಕಾಂಬತಿಗೆ ದನದ ಹಟ್ಟಿ ಹತ್ರ ಸಂಕೋಲಿ ಮಾತ್ರ ಇದ್ದಿತ್. ಚಿರ್ತೆಯೇ ಸೈ." ಹೊರಗೆ ಯಾಕೆ ಕಟ್ಟಿದಿರಿ ಅಂದೆ. "ನಾಯಿ ಅಂದ್ರೆ ಹೊರ್ಗೇ ಅಲ್ದಾ?" ಅಂದರು. ಕೆಟ್ಟ ಮನುಷ್ಯರಲ್ಲ ಚಿಕ್ಕಿ, ಅವರ ದನಿಯಲ್ಲೂ ಬೇಸರವಿತ್ತು. ಫೋನು ಇಡುವ ಮೊದಲು, "ಇನ್ನೊಂದ್ ಇದ್ರೆ ಹೇಳಿ, ಬಂದ್ ಕೊಂಡ್ಹೋತೆ" ಅಂದರು. ಕುಂಟು ಕಾಲು, ಕುತ್ತಿಗೆಯಲ್ಲಿ ಸಂಕೋಲೆ... ಓಡಲಾದರೂ ಎಲ್ಲಿ ಓಡಬೇಕಿತ್ತು ಅದು? ಬಂದವರಿಗೆಲ್ಲ ಬಡಿಸಿದೆ. ಯಾರಿಗೂ ಹೇಳಲಿಲ್ಲ.

ಹೋದ ವಾರ ಬಿಜೂರಿಗೆ ಹೋಗಿದ್ದೆ, ಒಂದು ಮನೆ ನೋಡಲು. ಈಗ ಎಲ್ಲ ಮನೆಗೂ ಹೋಗುತ್ತೇನೆ, ನಿನ್ನ ಹಾಗೆಯೇ ಜಗಲಿಯಲ್ಲಿ ಕೂತು ನೀರು ಕುಡಿಯುತ್ತೇನೆ. ಆದರೆ ಕೊಡಲಾಗುವುದಿಲ್ಲ. ಒಂದು ಮನೆಯ ಬೇಲಿ ಸರಿಯಿಲ್ಲ, ಇನ್ನೊಂದರ ಯಜಮಾನ ಕುಡಿಯುತ್ತಾನೆ. ಬಿಜೂರಿನ ಮನೆಯಲ್ಲಿ ಯಾವ ತಪ್ಪೂ ಸಿಗಲಿಲ್ಲ, ಅದಕ್ಕೇ ಹೆದರಿ ಎದ್ದು ಬಂದೆ. ನೀನು ಹೋದ ಮೇಲೆ ಒಂದು ನಾಯಿಯನ್ನೂ ಕೊಟ್ಟಿಲ್ಲ. ಹನ್ನೊಂದು ಇವೆ. ಎರಡಕ್ಕೆ ಕಜ್ಜಿ ಹಿಡಿದಿದೆ, ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ನಿನ್ನ ಕೋಣೆಯನ್ನೂ ಅವಕ್ಕೆ ಬಿಟ್ಟುಕೊಟ್ಟಿದ್ದೇನೆ. ಇದು ಸಾಕುವುದೋ, ಕೂಡಿಹಾಕುವುದೋ, ನೀನೇ ಹೇಳು.

ನಿನ್ನೆ ಗಿರಿಜಕ್ಕ ಬಂದಿದ್ದಳು. ರಟ್ಟಿನ ಪೆಟ್ಟಿಗೆಯಲ್ಲಿ ಮೂರು ಹೆಣ್ಣು ಮರಿ, ಕಣ್ಣು ಬಿಟ್ಟು ನಾಲ್ಕು ದಿನವೂ ಆಗಿಲ್ಲ. ನಾನು ಗೇಟು ತೆರೆಯಲಿಲ್ಲ. "ಜಾಗ ಇಲ್ಲೆ ಗಿರ್ಜಕ್ಕ" ಅಂದೆ. "ಹಂಗಾರ್ ಇದ್ನ ಎಲ್ಲಿಗ್ ಕೊಂಡ್ಹೋಪುದ್ ಹೆಣೆ?" ಅಂದಳು. ಅವಳು ಸೆರಗಿನಿಂದ ಪೆಟ್ಟಿಗೆಗೆ ಬಿಸಿಲು ಮರೆಮಾಡಿಕೊಂಡು ಸೇತುವೆಯ ಕಡೆ ನಡೆದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ನಿನ್ನ ಮನೆಯ ಬಾಗಿಲಿಂದ ಮರಿಗಳು ಹಾಗೇ ವಾಪಸು ಹೋದದ್ದು ಇದೇ ಮೊದಲು ಚಿಕ್ಕಿ. ಇಲ್ಲಿಂದ ನೀನಿರುವಲ್ಲಿಗೆ ಬರುವವರು ಯಾರಾದರೂ ಹೇಳುವ ಮೊದಲು, ನಾನೇ ಹೇಳಿದ್ದೇನೆ.

ನಿನ್ನ ಮಗಳಂಥವಳು,
ಶಾರದೆ