ಹತ್ತೂ ಬೆರಳು

ತ್ಸುಕುಬಾ
೧೨ ನವೆಂಬರ್ ೨೦೨೫

ಪ್ರೀತಿಯ ಸುಶೀಲಕ್ಕ,

ನಮಸ್ಕಾರ. ನಿನ್ನ ಮೂರು ಫೋನಿಗೂ ಉತ್ತರ ಕೊಡದೆ ಈಗ ಕಾಗದ ಬರೆಯುತ್ತಿದ್ದೇನೆ, ಬೈದುಕೋ. ಫೋನಿನಲ್ಲಾದರೆ ಸುಳ್ಳು ಹೇಳಿಬಿಡುತ್ತೇನೆ. "ತಿಂಗಳು ಇರ್ತೀನಂದ ಅಪ್ಪ ಹತ್ತ ದಿನಕ್ಕ ಯಾಕ ಬಂದ?" ಎಂದು ನೀನು ಮೆಸೇಜಿನಲ್ಲಿ ಕೇಳಿದ್ದೆ. ಚಳಿ ತಡೆಯಲಿಲ್ಲ, ಊಟ ಸೇರಲಿಲ್ಲ. ಇಲ್ಲಿಯ ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆಯನ್ನು ಎರಡು ಸಲ ಮೂಸಿ ನನಗೇ ಕೊಟ್ಟ.

ನಾನೇ ಜೊತೆಗೆ ಕರೆತಂದೆನಲ್ಲ, ಬಂದಿಳಿದಾಗಲೇ ಮನಸ್ಸು ಕೆಟ್ಟಿತ್ತು. ವಿಮಾನ ನಿಲ್ದಾಣದಲ್ಲಿ ವಿದೇಶಿಯರು ಎರಡೂ ಕೈಯ ತೋರುಬೆರಳನ್ನು ಗಾಜಿನ ಮೇಲಿಡಬೇಕು. ಅಪ್ಪ ಚಪ್ಪಲಿ ಬಿಟ್ಟು ನಿಂತು, ಹತ್ತೂ ಬೆರಳನ್ನು ಒಂದೊಂದಾಗಿ ಒತ್ತತೊಡಗಿದ. ಅಲ್ಲಿದ್ದ ಹುಡುಗಿ "ಸುಮಿಮಾಸೆನ್", ಕ್ಷಮಿಸಿ, ಎನ್ನುತ್ತ ತಡೆದಳು. "ಎರಡ ಸಾಕೇನ್ರಿ ಬಾಯಾರ? ನಮ್ಮ ಕಡೆ ಹತ್ತೂ ಬೇಕ್ರಿ," ಎಂದ.

ಆ ಕಥೆ ನಿನಗೂ ಗೊತ್ತು. ಬ್ರಿಟಿಷರು ನಮ್ಮವರನ್ನು ಹುಟ್ಟುಗಳ್ಳರೆಂದು ಬರೆದು ತಂತಿಬೇಲಿಯ ಸೆಟ್ಲ್‌ಮೆಂಟಿನಲ್ಲಿ ಕೂಡಿಹಾಕಿದ್ದು, ಸ್ವಾತಂತ್ರ್ಯ ಬಂದು ಬೇಲಿ ಕಿತ್ತಿದ್ದು, ಐವತ್ತಾರರಲ್ಲಿ ಕನ್ನಡಿಗರದೆಲ್ಲ ಒಂದೇ ರಾಜ್ಯವಾದ ದಿನ ಹನ್ನೆರಡು ವರ್ಷದ ಅಪ್ಪನಿಗೂ ಶಾಲೆಯಲ್ಲಿ ಪೇಡೆ ಸಿಕ್ಕಿದ್ದು. ಮೂರನೇ ದಿನ ಪೇಟೆಯಲ್ಲಿ ಕಳವಾಯಿತು. ಹೊಸ ರಾಜ್ಯದ ಪೊಲೀಸರು ನೆಟ್ಟಗೆ ನಮ್ಮ ಓಣಿಗೇ ಬಂದು ಅವನ ಹತ್ತೂ ಬೆರಳಿಗೆ ಮಸಿ ಬಳಿದರು. ಅಚ್ಚಗನ್ನಡದಲ್ಲಿ ಬೈದರಂತೆ, ಅಷ್ಟೇ ವ್ಯತ್ಯಾಸ. ಯಾರ ನಾಡು ಒಂದಾಯಿತೋ ದೇವರಿಗೇ ಗೊತ್ತು!

ಇದನ್ನೇ ನಾನು ಇಲ್ಲಿಯ ಕನ್ನಡಿಗರ ರಾಜ್ಯೋತ್ಸವದಲ್ಲಿ ಹೇಳಿದೆ. ಅಪ್ಪ ಮುಂದಿನ ಸಾಲಿನಲ್ಲಿದ್ದ. ಮುಗಿಸಿದಾಗ ಜೋರು ಚಪ್ಪಾಳೆ. ನಾನು ಸಂಶೋಧನೆ ಮಾಡುವ ವಿಶ್ವವಿದ್ಯಾಲಯದಲ್ಲೇ ಓದುವ ಬೆಂಗಳೂರಿನ ವಿಘ್ನೇಶ್ ಓಡಿಬಂದು ಕೈ ಕುಲುಕಿದ. ಮರುದಿನ ಬೆಳಗ್ಗೆ ಅಪ್ಪ ಟಿಕೆಟ್ ಮಾಡಿಸು ಎಂದ.

ಅವನ ಮಂಡಿನೋವಿನ ಗುಳಿಗೆಗಳು ಚೀಲದ ಹೊರಜೇಬಿನಲ್ಲಿವೆ, ನೆನಪಿಸು. ಮಗಳು ಸಿಂಧೂರಾಗೆ ಮಾಮನ ಆಶೀರ್ವಾದ ಹೇಳು. ಪರೀಕ್ಷೆ ಚೆನ್ನಾಗಿ ಬರೆಯಲಿ, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಬೆಳೆಯಲಿ.

ನಿನ್ನ ತಮ್ಮ,
ಸಂತೋಷ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೇನೆ. ಸಭೆಯಲ್ಲಿ "ನಮ್ಮಪ್ಪ" ಎನ್ನಲು ನಾಲಿಗೆ ಹೊರಳಲಿಲ್ಲ, ಇವರೆಲ್ಲ ನಾಳೆ ನನ್ನನ್ನು ಹೇಗೆ ನೋಡಿಯಾರೆಂದು ಹೆದರಿದೆ. "ನನಗೆ ಗೊತ್ತಿರುವ ಒಬ್ಬ ಮುದುಕರು" ಎಂದೆ. "ಸೂಪರ್ ರೀ! ಆ ಕ್ಯಾರೆಕ್ಟರ್ ಎಲ್ಲಿ ಸಿಕ್ಕಿದ್ರು ನಿಮ್ಗೆ?" ಎಂದು ವಿಘ್ನೇಶ್ ಕೇಳಿದಾಗ, ಅಪ್ಪನ ಎದುರೇ "ಫೀಲ್ಡ್‌ವರ್ಕ್‌ನಲ್ಲಿ" ಎಂದುಬಿಟ್ಟೆ. ಮನೆಗೆ ನಡೆದು ಬರುವಾಗ ಅಪ್ಪ ಮೆಲ್ಲಗೆ ಕೇಳಿದ: "ಆ ಮುದುಕಗ ಮಕ್ಕಳು ಅದಾರೇನೋ?"